ವದಂತಿ ಮತ್ತು ಆದೇಶ: ಕರ್ತೃಪದವಿಲ್ಲದ ಎರಡು ವಾಕ್ಯಗಳು

ಕರ್ತರಿ ಮತ್ತು ಕರ್ಮಣಿ ಪ್ರಯೋಗಗಳ ಪಾಠ ಮುಗಿದ ದಿನ ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಕೇಳಿದಳು: “ಸರ್, ‘ರಾಮನು ರಾವಣನನ್ನು ಕೊಂದನು’ ಎಂಬುದನ್ನು ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂದು ತಿರುಗಿಸಿ ಬರೆಯುವುದರಿಂದ ಪರೀಕ್ಷೆಯ ಹೊರಗೆ ಏನು ಪ್ರಯೋಜನ?” ತರಗತಿ ನಕ್ಕಿತು. ನಾನು ಉತ್ತರ ಹೇಳುವಷ್ಟರಲ್ಲಿ ಗಂಟೆ ಬಾರಿಸಿತು. ಅಂದು ಬಾಕಿಯಾದ ಉತ್ತರವನ್ನು ಈ ವಾರ್ತಾಪತ್ರದಲ್ಲಿ ಸಲ್ಲಿಸುತ್ತಿದ್ದೇನೆ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಮೊದಲು ಈ ಎರಡು ವಾಕ್ಯಗಳನ್ನು ಗಮನವಿಟ್ಟು ಓದಬೇಕು.

1. ಹಬ್ಬ ಮುಗಿದ ಕೂಡಲೇ ಹೊರಗಿನವರ ಮೇಲೆ ದಾಳಿ ಮಾಡುತ್ತಾರಂತೆ.

2. ಮುಂದಿನ 24 ಗಂಟೆಗಳ ಕಾಲ ಜಿಲ್ಲೆಯಲ್ಲಿ ಮೊಬೈಲ್ ಅಂತರ್ಜಾಲ ಸೇವೆಯನ್ನು ಸ್ಥಗಿತಗೊಳಿಸಲಾಗಿದೆ.

ಮೊದಲನೆಯದು ವದಂತಿ, ಎರಡನೆಯದು ಆದೇಶ. ಇತ್ತೀಚಿನ ವರ್ಷಗಳಲ್ಲಿ ನಮ್ಮ ದೇಶದ ಹಲವು ಕಡೆ ಹಬ್ಬ, ಜಾತ್ರೆ, ಮೆರವಣಿಗೆಗಳ ದಿನ ಈ ಎರಡು ವಾಕ್ಯಗಳೂ ಜೊತೆಜೊತೆಯಾಗಿ ಕೇಳಿಬರುತ್ತಿವೆ. ಒಂದನ್ನು ಅಡಗಿಸಲು ಇನ್ನೊಂದು ಹುಟ್ಟುತ್ತದೆಂಬುದು ಆಡಳಿತದ ವಾದ. ಆದರೆ ವ್ಯಾಕರಣದ ದೃಷ್ಟಿಯಿಂದ ನೋಡಿದರೆ ಇವೆರಡೂ ಒಂದೇ ಕುಲದ ವಾಕ್ಯಗಳು. ದಾಳಿ ಮಾಡುವವರು ಯಾರು, ಹಾಗೆಂದು ಹೇಳಿದವರು ಯಾರು ಎಂಬುದನ್ನು ಮೊದಲನೆಯದು ತಿಳಿಸುವುದಿಲ್ಲ. ಸ್ಥಗಿತಗೊಳಿಸಿದವರು ಯಾರೆಂಬುದನ್ನು ಎರಡನೆಯದು ತಿಳಿಸುವುದಿಲ್ಲ. ಇಲ್ಲದ ಈ ಕರ್ತೃಪದವನ್ನು ಹುಡುಕುವುದೇ ಈ ಪಾಠದ ಉದ್ದೇಶ.

‘ಅಂತೆ’ ಎಂಬ ಅವ್ಯಯ

‘ಬಂದನು’ ಎಂದರೆ ಹೇಳುವವನು ತಾನೇ ಹೊಣೆ ಹೊತ್ತು ನುಡಿದ ಮಾತು. ‘ಬಂದನಂತೆ’ ಎಂದರೆ ಪರರಿಂದ ಕೇಳಿ ತಿಳಿದ ಮಾತು. ನಮ್ಮ ಹೊಸೂರಿನ ಸಂತೆಯಲ್ಲಿ ಒಂದು ಸುತ್ತು ಹಾಕಿದರೆ ಇದೇ ಅರ್ಥಕ್ಕೆ ತಮಿಳಿನಲ್ಲಿ ‘ವಂದಾನಾಂ’ ಎಂಬುದನ್ನೂ, ತೆಲುಗಿನಲ್ಲಿ ‘ವಚ್ಚಾಡಟ’ ಎಂಬುದನ್ನೂ ಕೇಳಬಹುದು. ಮರಾಠಿಯನ್ನೂ ಕನ್ನಡವನ್ನೂ ಜೊತೆಯಾಗಿ ಕಲಿತ ನನ್ನ ಬಾಲ್ಯದ ಕಿವಿಗೆ ಇದು ‘ಆಲಾ ಮ್ಹಣೇ’ ಎಂದು ಕೇಳಿಸುತ್ತದೆ. ನಾಲ್ಕು ನುಡಿಗಳೂ ಕೇಳಿದ ಮಾತನ್ನು ಕಂಡ ಮಾತಿನಿಂದ ಬೇರ್ಪಡಿಸಲು ಒಂದೊಂದು ಗುರುತನ್ನು ಇಟ್ಟುಕೊಂಡಿವೆ. ‘ಅಂತೆ’ ಪ್ರಾಮಾಣಿಕವಾದ ಅವ್ಯಯ. ‘ಇದಕ್ಕೆ ನಾನು ಸಾಕ್ಷಿಯಲ್ಲ’ ಎಂದು ಅದು ಕೇಳುಗನನ್ನು ಎಚ್ಚರಿಸುತ್ತದೆ.

ಅಪಾಯವಿರುವುದು ಈ ‘ಅಂತೆ’ ಉದುರಿಹೋಗುವಲ್ಲಿ. ‘ದಾಳಿ ಮಾಡುತ್ತಾರಂತೆ’ ಎಂಬುದು ಮೂರನೆಯ ಬಾಯಿಗೆ ಬರುವಷ್ಟರಲ್ಲಿ ‘ದಾಳಿ ಮಾಡುತ್ತಾರೆ’ ಎಂದಾಗಿರುತ್ತದೆ. ಮೊಬೈಲಿನಲ್ಲಿ ಹರಿದಾಡುವ ದೃಶ್ಯತುಣುಕಿಗಂತೂ ‘ಅಂತೆ’ ಎಂಬುದೇ ಇಲ್ಲ. ನೋಡಿದವನು ತಾನೇ ಕಣ್ಣಾರೆ ಕಂಡೆನೆಂದು ಭಾವಿಸುತ್ತಾನೆ. ಅದು ಎಲ್ಲಿಯದು, ಎಂದಿನದು ಎಂಬ ಪ್ರಶ್ನೆ ಅವನಿಗೆ ಹೊಳೆಯುವುದಿಲ್ಲ. ‘ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು’ ಎಂಬ ಗಾದೆ ಇಂದಿಗೂ ಹಳತಾಗಿಲ್ಲ.

‘ವದಂತಿ’ ಎಂಬ ಶಬ್ದವನ್ನೇ ಪರಿಶೀಲಿಸಿರಿ. ಸಂಸ್ಕೃತದ ‘ವದ್’ ಧಾತುವಿನ ಪ್ರಥಮಪುರುಷ ಬಹುವಚನ ರೂಪವಾದ ‘ವದಂತಿ’ ಎಂದರೆ ‘ಹೇಳುತ್ತಾರೆ’ ಎಂದಷ್ಟೇ ಅರ್ಥ. ಕ್ರಿಯಾಪದವಿದೆ, ಕರ್ತೃಪದವಿಲ್ಲ. ಮರಾಠಿ, ಹಿಂದಿಗಳಲ್ಲಿ ಇದಕ್ಕೆ ಬಳಸುವ ‘ಅಫವಾ’ ಅರಬ್ಬಿ ಮೂಲದ್ದು. ಅಲ್ಲಿ ಅದು ‘ಬಾಯಿಗಳು’ ಎಂಬ ಬಹುವಚನ. ಬಾಯಿಗಳಿವೆ, ಮುಖಗಳಿಲ್ಲ. ಇದಕ್ಕೆ ಎದುರಾಗಿ ನಮ್ಮ ‘ಸುದ್ದಿ’ ಎಂಬುದು ‘ಶುದ್ಧಿ’ಯ ತದ್ಭವ. ಶುದ್ಧಗೊಂಡ, ಸೋಸಿದ ಮಾತಿಗೇ ಸುದ್ದಿಯೆಂಬ ಹೆಸರು ಸಲ್ಲಬೇಕೆಂಬ ಸೂಚನೆ ಆ ಶಬ್ದದ ಹುಟ್ಟಿನಲ್ಲೇ ಇದೆ.

ಈ ವ್ಯುತ್ಪತ್ತಿ ನನಗೆ ಮನದಟ್ಟಾದದ್ದು ನಿಘಂಟಿನಿಂದಲ್ಲ, 2012ರ ಆಗಸ್ಟ್ ತಿಂಗಳಿನ ಒಂದು ಸಂಜೆ. ಆ ಜುಲೈಯಲ್ಲಿ ಅಸ್ಸಾಮಿನ ಕೊಕ್ರಝಾರ್ ಪ್ರದೇಶದಲ್ಲಿ ಹಿಂಸಾಚಾರ ನಡೆದಿತ್ತು. ಅದರ ಬೆನ್ನಿಗೇ, ರಂಜಾನ್ ಮುಗಿಯುತ್ತಲೇ ಬೆಂಗಳೂರಿನಲ್ಲಿರುವ ಈಶಾನ್ಯ ರಾಜ್ಯಗಳವರ ಮೇಲೆ ದಾಳಿ ನಡೆಯಲಿದೆ ಎಂಬ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹರಡಿದವು. ಆಗಸ್ಟ್ 15ರಿಂದ ಸಾವಿರಾರು ಜನ ಗುವಾಹಟಿಯ ರೈಲು ಹಿಡಿಯಲು ಬೆಂಗಳೂರಿನ ನಿಲ್ದಾಣದಲ್ಲಿ ನೆರೆದರು. ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ನಮ್ಮ ಬೀದಿಯ ಬಾಡಿಗೆ ಮನೆಯೊಂದರಲ್ಲಿದ್ದ ಅಸ್ಸಾಮಿನ ಮೂವರು ತರುಣರೂ ಅಂದು ಗಂಟುಮೂಟೆ ಕಟ್ಟಿ, ಪಕ್ಕದ ಮನೆಯವರಿಗೆ ಬೀಗದಕೈ ಕೊಟ್ಟು ಹೊರಟು ನಿಂತಿದ್ದರು. “ಯಾರು ಹೇಳಿದರು ನಿಮಗೆ?” ಎಂದು ನನಗೆ ಬರುವ ಹಿಂದಿಯಲ್ಲಿ ಕೇಳಿದೆ. “ಸಬ್ ಬೋಲ್ ರಹೇ ಹೈ” ಎಂದ ಅವರಲ್ಲಿ ಹಿರಿಯನು. ಎಲ್ಲರೂ ಹೇಳುತ್ತಿದ್ದಾರೆ, ಅಂದರೆ ವದಂತಿ. ವದಂತಿ ನುಡಿದ ಆ ಸಾಮೂಹಿಕ ದಾಳಿ ನಡೆಯಲೇ ಇಲ್ಲ. ಆದರೆ ಆ ಮೂವರು ಮರಳಿ ಬಂದುದನ್ನೂ ನಾನು ಕಾಣಲಿಲ್ಲ.

ಅಂದು ಆಡಳಿತ ನಡೆದುಕೊಂಡ ರೀತಿಯನ್ನೂ ಗಮನಿಸಬೇಕು. ಮಂತ್ರಿಗಳೂ ಪೊಲೀಸ್ ಅಧಿಕಾರಿಗಳೂ ರೈಲು ನಿಲ್ದಾಣಕ್ಕೆ ಬಂದು ಜನರಿಗೆ ಧೈರ್ಯ ಹೇಳಿದರು. ಕೇಂದ್ರ ಸರ್ಕಾರ ಆಗಸ್ಟ್ 17ರಂದು, ಏಕಕಾಲಕ್ಕೆ ಬಹುಜನರಿಗೆ ಕಳಿಸುವ ಎಸ್‌ಎಂಎಸ್ ಹಾಗೂ ಎಂಎಂಎಸ್‌ಗಳನ್ನು 15 ದಿನಗಳ ಮಟ್ಟಿಗೆ ತಡೆದು, ಐದು ಸಂದೇಶಗಳ ಮಿತಿಯನ್ನು ವಿಧಿಸಿತು. ಮಾತಿನ ದಾರಿಯನ್ನು ಕಿರಿದು ಮಾಡಿತೇ ಹೊರತು ಮುಚ್ಚಲಿಲ್ಲ.

‘ಲಾಗಿದೆ’ ಎಂಬ ರಚನೆ

ಇನ್ನು ಎರಡನೆಯ ವಾಕ್ಯ. ಕನ್ನಡದಲ್ಲಿ ಕರ್ಮಣಿಗೆ ಎರಡು ರಚನೆಗಳಿವೆ. ‘ಸ್ಥಗಿತಗೊಳಿಸಲ್ಪಟ್ಟಿದೆ’ ಎಂಬಲ್ಲಿ ‘ಸೇವೆಯು’ ಎಂಬ ಕರ್ಮಪದ ಪ್ರಥಮಾ ವಿಭಕ್ತಿಗೆ ಬರುತ್ತದೆ. ‘ಅಧಿಕಾರಿಯಿಂದ’ ಎಂದು ಕರ್ತೃವನ್ನು ಹೇಳುವುದಕ್ಕೂ ಅವಕಾಶವಿದೆ. ‘ಸ್ಥಗಿತಗೊಳಿಸಲಾಗಿದೆ’ ಎಂಬಲ್ಲಿ ಹಾಗಲ್ಲ. ‘ಸೇವೆಯನ್ನು’ ಎಂದು ಕರ್ಮಪದ ದ್ವಿತೀಯೆಯಲ್ಲೇ ಉಳಿಯುತ್ತದೆ. ಕರ್ತೃವಿಗೆ ಸಹಜವಾದ ಸ್ಥಾನವೇ ಇರುವುದಿಲ್ಲ. ಕಚೇರಿಯ ಭಾಷೆಗೆ ಈ ರಚನೆ ಬಹಳ ಪ್ರಿಯವಾದುದು ಆಕಸ್ಮಿಕವಲ್ಲ. ಮರಾಠಿಯ ಸರ್ಕಾರಿ ಪ್ರಕಟಣೆಗಳ ‘ಬಂದ್ ಕರಣ್ಯಾತ್ ಆಲೀ ಆಹೇ’ ಎಂಬುದೂ, ನೀವು ದಿನವೂ ಓದುವ ತಮಿಳಿನ ‘ತಡೈ ಸೆಯ್ಯಪ್ಪಟ್ಟುಳ್ಳದು’ ಎಂಬುದೂ ಇದೇ ಕೆಲಸವನ್ನು ಮಾಡುತ್ತವೆ. ಕೆಲಸ ಆಗಿದೆ, ಮಾಡಿದವರು ಕಾಣುವುದಿಲ್ಲ.

ಇದರ ಒಂದು ಪರಿಣಾಮವನ್ನು ಹೇಳುತ್ತೇನೆ. 2023ರ ಜೂನ್ 7ರಂದು, ಶಿವರಾಜ್ಯಾಭಿಷೇಕದ ದಿನಾಚರಣೆಯ ಮರುದಿನ, ಸಾಮಾಜಿಕ ಜಾಲತಾಣದ ಕೆಲವು ಸ್ಟೇಟಸ್‌ಗಳ ಕಾರಣವಾಗಿ ಕೊಲ್ಲಾಪುರದಲ್ಲಿ ಬಂದ್ ನಡೆಯಿತು. ಕಲ್ಲುತೂರಾಟವಾಯಿತು, ಲಾಠಿ ಬೀಸಲಾಯಿತು, ಮೊಬೈಲ್ ಅಂತರ್ಜಾಲ ನಿಂತಿತು. ನನ್ನ ಅಕ್ಕನ ಮನೆ ಆ ಊರಿನಲ್ಲಿದೆ. ಮಾತಿನ ಕರೆಗೆ ತಡೆಯಿರಲಿಲ್ಲವಾದ್ದರಿಂದ ಅವಳಿಗೆ ಫೋನು ಮಾಡಿದೆ. “ನೆಟ್ ಬಂದ್ ಕೇಲಂಯ್ ಮ್ಹಣೇ” ಎಂದಳು. ನೆಟ್ ಬಂದ್ ಮಾಡಿದ್ದಾರಂತೆ! ಯಾರು ಮಾಡಿದರು, ಎಷ್ಟು ಹೊತ್ತಿನವರೆಗೆ ಎಂದರೆ ಅವಳಿಗೆ ತಿಳಿಯದು. ಆದೇಶದ ಪ್ರತಿಯನ್ನು ಅವಳು ಕಂಡಿರಲಿಲ್ಲ. ವದಂತಿಯನ್ನು ತಡೆಯಲು ಹೊರಟ ಆದೇಶವೇ ಅವಳ ಮನೆಗೆ ‘ಅಂತೆ’ಯ ರೂಪದಲ್ಲಿ ತಲುಪಿತ್ತು. ಹೆಸರು, ಕಾರಣ, ಅವಧಿಗಳೊಡನೆ ಜನರ ಕೈಗೆ ಮುಟ್ಟದ ಆದೇಶ ಇನ್ನೊಂದು ವದಂತಿಯಾಗಿ ಪರಿಣಮಿಸುತ್ತದೆ ಎಂಬುದು ಅಂದು ನನಗೆ ತಿಳಿಯಿತು.

ಹಬ್ಬದ ದಿನದ ಮೌನ

ಹರಿಯಾಣದ ನೂಹ್ ಜಿಲ್ಲೆಯ ಉದಾಹರಣೆ ಈ ವಿಷಯಕ್ಕೆ ಅತ್ಯಂತ ಸ್ಪಷ್ಟವಾದುದು. ಅಲ್ಲಿ 2023ರ ಜುಲೈ 31ರಂದು ಬ್ರಜ ಮಂಡಲ ಜಲಾಭಿಷೇಕ ಯಾತ್ರೆಯ ಸಂದರ್ಭದಲ್ಲಿ ಹಿಂಸಾಚಾರ ಭುಗಿಲೆದ್ದು, ನೆರೆಯ ಗುರುಗ್ರಾಮಕ್ಕೂ ಹಬ್ಬಿ, ಒಟ್ಟು ಆರು ಜನ ಪ್ರಾಣ ಕಳೆದುಕೊಂಡರು. ಅಂತರ್ಜಾಲ ಹಲವು ದಿನ ಸ್ಥಗಿತವಾಯಿತು. ಆಗಸ್ಟ್ 28ಕ್ಕೆ ಮತ್ತೆ ಯಾತ್ರೆಯ ಕರೆ ಬಂದಾಗ 26ರಿಂದಲೇ ಸೇವೆ ನಿಂತಿತು. 2024ರಲ್ಲಿ ಜುಲೈ 21ರ ಸಂಜೆ 6ರಿಂದ ಮರುದಿನ ಸಂಜೆ 6ರವರೆಗೆ, 2025ರಲ್ಲಿ ಜುಲೈ 13ರ ರಾತ್ರಿ 9ರಿಂದ ಮರುದಿನ ರಾತ್ರಿ 9ರವರೆಗೆ ಮೊಬೈಲ್ ಅಂತರ್ಜಾಲ ಇರಲಿಲ್ಲ. ಮೊದಲ ಸಲ ಗಲಭೆಯ ನಂತರ ಹೊರಟ ಆದೇಶ ಮುಂದಿನ ವರ್ಷಗಳಲ್ಲಿ ಯಾತ್ರೆಗೆ ಮುಂಚೆಯೇ ಹೊರಡುವ ವಾಡಿಕೆಯಾಯಿತು. ಪಂಚಾಂಗದಲ್ಲಿ ತಿಥಿಯೊಡನೆ ಸ್ಥಗಿತವೂ ಸೇರಿಕೊಂಡಂತಾಯಿತು.

ಇದು ಒಂದು ರಾಜ್ಯದ, ಒಂದು ಧರ್ಮದ ಮಾತಲ್ಲ. ಒಡಿಶಾದ ಸಂಬಲಪುರದಲ್ಲಿ 2023ರ ಏಪ್ರಿಲ್‌ನಲ್ಲಿ ಹನುಮ ಜಯಂತಿಯ ವೇಳೆ, ಬಾಲೇಶ್ವರದಲ್ಲಿ 2024ರ ಜೂನ್‌ನಲ್ಲಿ ಬಕ್ರೀದ್ ವೇಳೆ, ಕಟಕ್‌ನಲ್ಲಿ 2025ರ ಅಕ್ಟೋಬರ್‌ನಲ್ಲಿ ದುರ್ಗಾ ವಿಸರ್ಜನೆಯ ಗಲಭೆಯ ನಂತರ ಅಂತರ್ಜಾಲ ನಿಂತಿತು. ಕಾಶ್ಮೀರದಲ್ಲಿ 2019ರ ಆಗಸ್ಟ್ 12ರ ಬಕ್ರೀದ್ ದಿನ ಅಂತರ್ಜಾಲವಿರಲಿ, ಮೊಬೈಲ್ ಕರೆಯೂ ಇರಲಿಲ್ಲ. ಅಲ್ಲಿ 4ಜಿ ಸೇವೆ ಮರಳಿ ಪೂರ್ಣವಾಗಿ ದೊರೆತದ್ದು 2021ರ ಫೆಬ್ರವರಿಯಲ್ಲಿ. ನಮ್ಮ ಎರಡು ರಾಜ್ಯಗಳಿಗೂ ಈ ಅನುಭವ ಹೊಸತಲ್ಲ, ಕಾರಣ ಬೇರೆ ಅಷ್ಟೆ. 2018ರ ಮೇ ತಿಂಗಳಲ್ಲಿ ತೂತ್ತುಕುಡಿಯ ಗೋಲಿಬಾರಿನ ತರುವಾಯ ತಮಿಳುನಾಡಿನ ಮೂರು ಜಿಲ್ಲೆಗಳಲ್ಲಿ, 2019ರ ಡಿಸೆಂಬರ್ 19ರ ಮಂಗಳೂರಿನ ಗೋಲಿಬಾರಿನ ತರುವಾಯ ದಕ್ಷಿಣ ಕನ್ನಡದಲ್ಲಿ ಸೇವೆ ಸ್ಥಗಿತವಾಗಿತ್ತು.

ಆಡಳಿತದ ಕಷ್ಟವನ್ನು ನಾವು ಲಘುವಾಗಿ ಕಾಣಬಾರದು. ಸುಳ್ಳು ಸಂದೇಶ ಊರಿಗೆ ಬೆಂಕಿ ಹಚ್ಚಲು ಒಂದು ಗಂಟೆ ಸಾಕು. ಅದನ್ನು ಅಲ್ಲಗಳೆಯಲು ಒಂದು ದಿನ ಬೇಕು. ಜೀವ ಉಳಿಸುವುದು ಮೊದಲ ಕರ್ತವ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸುಳ್ಳು ಹರಿಯುವ ಕಾಲುವೆಯಲ್ಲೇ ಅದನ್ನು ಅಲ್ಲಗಳೆಯುವ ಮಾತೂ ಹರಿಯಬೇಕು. ಕಾಲುವೆ ಮುಚ್ಚಿದಾಗ ವದಂತಿ ಬಾಯಿಂದ ಬಾಯಿಗೆ ಸಾಗುತ್ತದೆ, ಸಮರ್ಥನೆಯುಳ್ಳ ಸುದ್ದಿ ಮಾತ್ರ ನಿಲ್ಲುತ್ತದೆ. 1995ರ ಸೆಪ್ಟೆಂಬರ್ 21ರಂದು ಗಣೇಶನ ವಿಗ್ರಹ ಹಾಲು ಕುಡಿಯಿತೆಂಬ ಮಾತು ಒಂದೇ ದಿನದಲ್ಲಿ ದೇಶವೆಲ್ಲ ಹರಡಿದಾಗ ಯಾರ ಕೈಯಲ್ಲೂ ವಾಟ್ಸ್ಆ್ಯಪ್ ಇರಲಿಲ್ಲವೆಂಬುದನ್ನು ನಿಮ್ಮ ತಂದೆತಾಯಿಗಳಿಂದ ಕೇಳಿ ತಿಳಿಯಬಹುದು.

ಕಾನೂನು ಕೇಳುವ ಕರ್ತೃಪದ

ಬಹುಕಾಲ ಈ ಸ್ಥಗಿತಗಳಿಗೆಂದೇ ಪ್ರತ್ಯೇಕ ನಿಯಮಗಳಿರಲಿಲ್ಲ. 1885ರ ಭಾರತೀಯ ತಂತಿ ಅಧಿನಿಯಮದ ಅಡಿಯಲ್ಲಿ 2017ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ ನಿಯಮಗಳು ಬಂದವು. ಅವುಗಳ ಪ್ರಕಾರ ಆದೇಶವನ್ನು ಕೇಂದ್ರದಲ್ಲಾದರೆ ಗೃಹ ಸಚಿವಾಲಯದ ಕಾರ್ಯದರ್ಶಿ, ರಾಜ್ಯದಲ್ಲಾದರೆ ಗೃಹ ಇಲಾಖೆಯ ಕಾರ್ಯದರ್ಶಿ ಹೊರಡಿಸಬೇಕು; ಅನಿವಾರ್ಯ ಸಂದರ್ಭದಲ್ಲಿ ಅಧಿಕಾರ ಪಡೆದ ಬೇರೆ ಅಧಿಕಾರಿ ಹೊರಡಿಸಿದರೆ 24 ಗಂಟೆಗಳೊಳಗೆ ಅದಕ್ಕೆ ಮಂಜೂರಾತಿ ದೊರೆಯಬೇಕು. ಕಾರಣವನ್ನು ಲಿಖಿತವಾಗಿ ಕೊಡಬೇಕು, ಪರಿಶೀಲನಾ ಸಮಿತಿ ಅದನ್ನು ನೋಡಬೇಕು.

2020ರ ಜನವರಿ 10ರಂದು ಅನುರಾಧಾ ಭಸೀನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಇನ್ನೂ ಮುಂದೆ ಹೋಯಿತು. ಅಂತರ್ಜಾಲದ ಮೂಲಕ ಮಾತನಾಡುವ ಹಾಗೂ ವೃತ್ತಿ ನಡೆಸುವ ಸ್ವಾತಂತ್ರ್ಯಕ್ಕೆ ಸಂವಿಧಾನದ 19ನೆಯ ವಿಧಿಯ ರಕ್ಷಣೆಯಿದೆ, ಅನಿರ್ದಿಷ್ಟ ಕಾಲದ ಸ್ಥಗಿತ ಸಲ್ಲದು, ನಿರ್ಬಂಧ ಅಪಾಯದ ಪ್ರಮಾಣಕ್ಕೆ ತಕ್ಕಷ್ಟೇ ಇರಬೇಕು, ಆದೇಶಗಳನ್ನು ಪ್ರಕಟಿಸಬೇಕು ಎಂದು ಅದು ಹೇಳಿತು. ಅದೇ ವರ್ಷದ ನವೆಂಬರ್‌ನಲ್ಲಿ ಒಂದು ಆದೇಶದ ಅವಧಿಗೆ 15 ದಿನಗಳ ಮಿತಿ ಬಂತು. 2023ರ ದೂರಸಂಪರ್ಕ ಅಧಿನಿಯಮದಡಿ 2024ರ ನವೆಂಬರ್‌ನಲ್ಲಿ ಬಂದ ಹೊಸ ನಿಯಮಗಳು ಕಾರಣ, ಪ್ರದೇಶ, ಅವಧಿಗಳನ್ನು ನಮೂದಿಸಿ ಆದೇಶವನ್ನು ಪ್ರಕಟಿಸಬೇಕೆಂಬುದನ್ನು ನಿಯಮದಲ್ಲೇ ಸೇರಿಸಿದವು.

ವ್ಯಾಕರಣದ ವಿದ್ಯಾರ್ಥಿಗೆ ಇದರಲ್ಲಿ ಏನು ಕಾಣಬೇಕು? ಯಾರು ಹೊರಡಿಸಿದರು ಎಂಬುದು ಕರ್ತೃ. ಏನನ್ನು ನಿಲ್ಲಿಸಿದರು ಎಂಬುದು ಕರ್ಮ. ಏಕೆ ಎಂಬುದು ಹೇತು. ಎಲ್ಲಿ, ಎಷ್ಟು ಹೊತ್ತು ಎಂಬುದು ಅಧಿಕರಣ. ನ್ಯಾಯಾಲಯ ಆಡಳಿತವನ್ನು ಕೇಳಿದ್ದು ಒಂದು ಪೂರ್ಣವಾಕ್ಯವನ್ನು. ‘ಲಾಗಿದೆ’ ಎಂದು ಮುಗಿಸಿದರೆ ಸಾಲದು, ಕಾರಕಗಳೆಲ್ಲವೂ ಬೇಕು ಎಂದಂತಾಯಿತು. ನಿಯಮ ಬಂದ ಮಾತ್ರಕ್ಕೆ ಅಭ್ಯಾಸ ಬದಲಾಗುವುದಿಲ್ಲವೆಂಬುದೂ ನಿಜ. ದೇಶದಲ್ಲಾದ ಸ್ಥಗಿತಗಳ ದಾಖಲೆಯನ್ನು ದೂರಸಂಪರ್ಕ ಇಲಾಖೆಯಾಗಲಿ ಗೃಹ ಸಚಿವಾಲಯವಾಗಲಿ ಇಟ್ಟಿಲ್ಲವೆಂದು ಸಂಸತ್ತಿನ ಸ್ಥಾಯಿ ಸಮಿತಿ 2021ರ ಡಿಸೆಂಬರ್‌ನ ವರದಿಯಲ್ಲಿ ಆಕ್ಷೇಪಿಸಿತು. ಲೆಕ್ಕವೇ ಇಲ್ಲದಿದ್ದರೆ ಸ್ಥಗಿತದಿಂದ ಶಾಂತಿ ನೆಲೆಸಿತೋ ಇಲ್ಲವೋ ಎಂದು ಪರೀಕ್ಷಿಸುವುದಾದರೂ ಹೇಗೆ?

ಹೆಸರುಳ್ಳ ಮಾತು

ಮೌನದ ಹೊರತಾಗಿ ಬೇರೆ ದಾರಿಯಿದೆಯೇ ಎಂದು ಕೇಳುವವರಿಗೆ ತಮಿಳುನಾಡಿನಲ್ಲೇ ಒಂದು ನಿದರ್ಶನವಿದೆ. 2023ರ ಮಾರ್ಚ್ ಮೊದಲ ವಾರ, ಹೋಳಿ ಹಬ್ಬದ ಮುನ್ನಾದಿನಗಳಲ್ಲಿ, ಈ ರಾಜ್ಯದಲ್ಲಿ ಬಿಹಾರದ ಕಾರ್ಮಿಕರನ್ನು ಕೊಲ್ಲುತ್ತಿದ್ದಾರೆಂಬ ದೃಶ್ಯತುಣುಕುಗಳು ಹರಿದಾಡಿದವು. ಉತ್ತರದ ಕಾರ್ಮಿಕರು ದೊಡ್ಡ ಸಂಖ್ಯೆಯಲ್ಲಿರುವ ಹೊಸೂರಿನಂಥ ಕೈಗಾರಿಕಾ ಪಟ್ಟಣಕ್ಕೆ ಇದು ದೂರದ ಸುದ್ದಿಯಾಗಿರಲಿಲ್ಲ. ಸರ್ಕಾರ ಅಂತರ್ಜಾಲವನ್ನು ನಿಲ್ಲಿಸಲಿಲ್ಲ. ಪೊಲೀಸ್ ಮಹಾನಿರ್ದೇಶಕರಾಗಿದ್ದ ಶೈಲೇಂದ್ರ ಬಾಬು ಅವರು ತಾವೇ ಮುಂದೆ ಬಂದು, ಒಂದು ದೃಶ್ಯ ತಿರುಪ್ಪೂರಿನಲ್ಲಿ ಬಿಹಾರದ ಕಾರ್ಮಿಕರ ಎರಡು ಗುಂಪುಗಳ ನಡುವೆ ನಡೆದ ಜಗಳದ್ದು, ಇನ್ನೊಂದು ಕೊಯಮತ್ತೂರಿನ ಸ್ಥಳೀಯರ ನಡುವಿನ ಜಗಳದ್ದು ಎಂದು ಬಿಡಿಸಿ ಹೇಳಿದರು. ಮುಖ್ಯಮಂತ್ರಿ ಎಂ. ಕೆ. ಸ್ಟಾಲಿನ್ ಅವರು ಬಿಹಾರದ ಮುಖ್ಯಮಂತ್ರಿ ನಿತೀಶ್ ಕುಮಾರ್ ಅವರೊಡನೆ ಮಾತನಾಡಿದರು, ಕಾರ್ಮಿಕರನ್ನು ಕಂಡು ಮಾತನಾಡಿಸಿದರು. ಹಿಂದಿಯಲ್ಲಿ ತಿಳಿವಳಿಕೆ ನೀಡಲಾಯಿತು, ಸಹಾಯವಾಣಿ ತೆರೆಯಲಾಯಿತು, ಸುಳ್ಳು ಹರಡಿದವರ ಮೇಲೆ ಮೊಕದ್ದಮೆ ಹೂಡಲಾಯಿತು. ಬಿಹಾರದ ಅಧಿಕಾರಿಗಳ ತಂಡ ಬಂದು ಕಣ್ಣಾರೆ ಕಂಡು ಹೋಯಿತು.

ಇಲ್ಲಿ ಹೆಸರಿಲ್ಲದ ಮಾತಿಗೆ ಹೆಸರುಳ್ಳ ಮಾತು ಉತ್ತರವಾಯಿತು. ‘ಹೇಳುತ್ತಾರೆ’ ಎಂಬುದಕ್ಕೆ ಎದುರಾಗಿ ‘ನಾನು ಹೇಳುತ್ತೇನೆ’ ಎಂದು ನಿಲ್ಲುವವರೊಬ್ಬರಿದ್ದರು. ಅದೂ ಕೇಳುವವರ ಭಾಷೆಯಲ್ಲಿ. ಎಲ್ಲ ಸಂದರ್ಭಕ್ಕೂ ಇದೊಂದೇ ಮದ್ದೆಂದು ನಾನು ಹೇಳಲಾರೆ. ಆದರೆ ಮೊದಲು ಪ್ರಯೋಗಿಸಬೇಕಾದ ಮದ್ದು ಇದೆಂದು ನಂಬುತ್ತೇನೆ.

ನಮ್ಮ ಪಾಲು

ಫಾಲ್ಗುಣದಲ್ಲಿ ನಮ್ಮ ಬೆಟ್ಟದ ಚಂದ್ರಚೂಡೇಶ್ವರನ ತೇರಿಗೆ ಮೂರು ರಾಜ್ಯಗಳ ಜನ ಸೇರುತ್ತಾರೆ. ತೇರಿನ ಹಗ್ಗಕ್ಕೆ ಕನ್ನಡ, ತಮಿಳು, ತೆಲುಗಿನ ಕೈಗಳು ಒಟ್ಟಿಗೆ ಬೀಳುತ್ತವೆ. ಅಂಥ ದಿನ ಅಂತರ್ಜಾಲ ನಿಂತರೆ ಏನಾದೀತೆಂದು ಊಹಿಸಿರಿ. ಹೂವಿನ ಬುಟ್ಟಿಗೆ ಕ್ಯೂಆರ್ ಚೀಟಿ ಅಂಟಿಸಿಕೊಂಡ ಅಜ್ಜಿಯ ವ್ಯಾಪಾರ ನಿಲ್ಲುತ್ತದೆ. ಗುಂಪಿನಲ್ಲಿ ಕೈತಪ್ಪಿದ ಮಗುವಿನ ಫೋಟೊವನ್ನು ಕಳಿಸಲಾಗುವುದಿಲ್ಲ. ಕನ್ನಡ ಪುಸ್ತಕ ಸುಲಭವಾಗಿ ಸಿಗದ ಈ ಗಡಿಯಲ್ಲಿ ನಿಘಂಟನ್ನೂ ಟಿಪ್ಪಣಿಯನ್ನೂ ಮೊಬೈಲಿನಲ್ಲೇ ಓದುವ ನಿಮ್ಮ ಅಭ್ಯಾಸವೂ ನಿಲ್ಲುತ್ತದೆ. ನಮ್ಮ ಊರಿಗೆ ಅಂಥ ದಿನ ಬಾರದಿರಲಿ. ಬಾರದಂತೆ ನೋಡಿಕೊಳ್ಳುವ ಹೊಣೆಯಲ್ಲಿ ಆಡಳಿತದ ಪಾಲಿರುವಂತೆಯೇ ನಮ್ಮ ಪಾಲೂ ಇದೆ.

ಕರ್ಮಣಿ ಪ್ರಯೋಗ ಕಲಿತವನಿಗೆ ಪರೀಕ್ಷೆಯ ಹೊರಗಿರುವ ಪ್ರಯೋಜನವೆಂದರೆ ಇದು: ಸಂದೇಶ ಬಂದಾಗ ‘ಹೇಳಿದವರು ಯಾರು?’ ಎಂದೂ, ಆದೇಶ ಬಂದಾಗ ‘ಮಾಡಿದವರು ಯಾರು? ಏಕೆ? ಎಷ್ಟು ಹೊತ್ತು?’ ಎಂದೂ ಕೇಳುವುದು ಅವನಿಗೆ ಅಭ್ಯಾಸವಾಗುತ್ತದೆ. ಅಂದು ಪ್ರಶ್ನೆ ಕೇಳಿದ ವಿದ್ಯಾರ್ಥಿನಿ ಇದನ್ನು ಓದಿದರೆ ನನ್ನ ಬಾಕಿ ತೀರಿದಂತೆ.

ಅಭ್ಯಾಸಕ್ಕೆ

1. ನಿಮ್ಮ ಮೊಬೈಲಿಗೆ ಈ ವಾರ ಬಂದ, ಬೇರೆಯವರಿಂದ ಮುಂದೂಡಿ ಬಂದ ಮೂರು ಸಂದೇಶಗಳನ್ನು ಬರೆದುಕೊಂಡು, ಪ್ರತಿಯೊಂದರ ಕರ್ತೃಪದವನ್ನು ಗುರುತಿಸಿರಿ. ಇಲ್ಲದಿದ್ದರೆ ‘ಇಲ್ಲ’ ಎಂದೇ ಬರೆಯಿರಿ.

2. ಮೇಲಿನ ಎರಡನೆಯ ವಾಕ್ಯವನ್ನು ಕರ್ತರಿ ಪ್ರಯೋಗಕ್ಕೆ ಪರಿವರ್ತಿಸಿರಿ. ಹೇತು, ಪ್ರದೇಶ, ಅವಧಿಗಳನ್ನು ಸೇರಿಸಿ ಪೂರ್ಣವಾಕ್ಯ ಮಾಡಿರಿ.

3. ‘ಅಂತೆ’, ‘ಆಂ’, ‘ಅಟ’ ಇವುಗಳ ಬಳಕೆಗೆ ನಿಮ್ಮ ಮನೆಮಾತಿನಿಂದ ಐದೈದು ವಾಕ್ಯಗಳನ್ನು ಸಂಗ್ರಹಿಸಿರಿ.

4. ವದಂತಿ, ಗಾಳಿಸುದ್ದಿ, ಗುಲ್ಲು, ಪುಕಾರು, ಸುದ್ದಿ ಇವುಗಳ ಅರ್ಥಭೇದವನ್ನು ಮನೆಯ ಹಿರಿಯರನ್ನು ಕೇಳಿ ತಿಳಿದು ಒಂದು ಪುಟದ ಟಿಪ್ಪಣಿ ಬರೆಯಿರಿ. ಹೇಳಿದವರ ಹೆಸರನ್ನು ನಮೂದಿಸಲು ಮರೆಯದಿರಿ.